ತರಗತಿ ನಡೆಯಿತು, ಅರ್ಥವಾಯಿತು

"ಇಳಿಸ್ರೀ ಗೋಪಾಲಪ್ಪ," ಅಂದೆ.

ಹೆಡ್ ಕಾನ್‌ಸ್ಟೇಬಲ್ ಗೋಪಾಲಪ್ಪ ಜಾಕಿನ ಹಿಡಿಯನ್ನು ಎಡಕ್ಕೆ ಸ್ವಲ್ಪವೇ ತಿರುಗಿಸಿದರು. ಮುಂದಿನ ಚಕ್ರ ಬಿಚ್ಚಿಟ್ಟಿದ್ದ ಹಳೆಯ ಬಿಳಿ ಕಾರು ಉಸ್ಸೆಂದು ಕೆಳಗಿಳಿಯತೊಡಗಿತು. ಅದರ ಅಡಿಯಲ್ಲಿ, ಮೊನ್ನೆ ಬೀರೇಶನ ಎದೆ ಇದ್ದ ಜಾಗದಲ್ಲಿ, ಬಿಸಿಯೂಟದ ಕೋಣೆಯಿಂದ ತಂದ ಒಂದು ಬೂದುಗುಂಬಳಕಾಯಿ ಇಟ್ಟಿದ್ದೆವು.

ಚಕ್ರ ಕೂರುವ ಕಬ್ಬಿಣದ ತಟ್ಟೆ ಕಾಯಿಗೆ ತಾಗಿತು. ಸಿಪ್ಪೆ ಮೊದಲು ಒಳಕ್ಕೆ ತಗ್ಗಿತು, ಆಮೇಲೆ ಉದ್ದಕ್ಕೆ ಸೀಳಿತು. ತಿರುಳು ನೆಲಕ್ಕೆ ಚೆಲ್ಲಿ ನನ್ನ ಬೂಟಿನವರೆಗೆ ಬಂತು. ನಾನು ಗಡಿಯಾರ ನೋಡುತ್ತಿದ್ದೆ. ಹತ್ತೊಂಬತ್ತು ಸೆಕೆಂಡು ಹಿಡಿಯಿತು.

"ಅಷ್ಟು ಹೊತ್ತು ನಿಂತ್ಕಂಡು ನೋಡ್ಬೇಕು ಮೇಡಂ," ಗೋಪಾಲಪ್ಪ ಟವೆಲಿನಿಂದ ಕೈ ಒರೆಸಿಕೊಂಡರು. "ಕೆಳಗೆ ಜೀವ ಇರೋ ಮನುಷ್ಯ ಒದ್ದಾಡ್ತಿರ್ತಾನೆ. ಹಿಡೀನ ಬಲಕ್ಕೆ ಒಂದು ಸುತ್ತು ತಿರುಗ್ಸಿದ್ರೆ ಗಾಡಿ ನಿಂತೋಗುತ್ತೆ. ತಿರುಗ್ಸಿಲ್ಲ ನೋಡಿ, ಆ ಪಾಪಿ."

"ಹದಿನಾರು ವರ್ಷದ ಹುಡುಗಿ ಅಷ್ಟು ಹೊತ್ತು ನಿಂತು ನೋಡ್ತಾಳಾ?"

"ನನ್ ಮಗಳು ಹಲ್ಲಿ ಕಂಡ್ರೆ ಮಂಚ ಹತ್ತುತ್ತಾಳೆ," ಅಂದರು ಗೋಪಾಲಪ್ಪ. "ಆದ್ರೆ ಡಿವೈಎಸ್‌ಪಿ ಸಾಹೇಬ್ರಿಗೆ ಹೆಣ್ಮಕ್ಳಿಲ್ಲವಲ್ಲ."

ಕಲ್ಲುದೇವನಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ಆಟೊಮೊಬೈಲ್ ವಿಷಯ ಕಲಿಸುತ್ತಿದ್ದ ಬೀರೇಶ್ ಮಂಗಳವಾರ ಮಧ್ಯಾಹ್ನ ಇದೇ ಕೊಠಡಿಯಲ್ಲಿ ಸತ್ತಿದ್ದ. ಮೊದಲು ತಲೆಯ ಹಿಂಭಾಗಕ್ಕೆ ಸ್ಪ್ಯಾನರಿನ ಒಂದು ಏಟು; ಆಮೇಲೆ ಅವನನ್ನು ಕಾರಿನ ಅಡಿಗೆ ಎಳೆದು ಜಾಕ್ ಇಳಿಸಿದ್ದರು. ಪಕ್ಕೆಲುಬು ಒಂಬತ್ತು ಮುರಿದಿದ್ದವು. ಮೂರೂ ಇಪ್ಪತ್ತೈದಕ್ಕೆ ಅಡುಗೆಯಾಕೆ ಬಂದು ನೋಡಿದಾಗ ಹತ್ತನೇ ತರಗತಿಯ ರಂಜಿತ ಒಬ್ಬಳೇ ನಿಂತಿದ್ದಳು, ಕೈ ಜಾಕಿನ ಹಿಡಿಯ ಮೇಲಿತ್ತು, ಚೂಡಿದಾರದ ಮುಂಭಾಗ ಪೂರ್ತಿ ರಕ್ತ.

ಆವತ್ತಿನಿಂದ ಆ ಹುಡುಗಿ ಬಾಯಿ ಬಿಟ್ಟಿಲ್ಲ. ಇವತ್ತು ಗುರುವಾರ. ಸಂಜೆ ಐದರೊಳಗೆ ಅವಳನ್ನು ಬಾಲನ್ಯಾಯ ಮಂಡಳಿಯ ಮುಂದೆ ಕೊಲೆ ಆರೋಪಿಯೆಂದು ನಿಲ್ಲಿಸಬೇಕೆಂದು ನನಗೆ ಆದೇಶ ಬಂದಿತ್ತು. ಶಾಲೆಯ ದಾಖಲೆಯಲ್ಲಿ ಅವಳಿಗೆ ಹದಿನಾರು ತುಂಬಿ ಎರಡು ತಿಂಗಳು. ಹದಿನಾರು ತುಂಬಿದ್ದರೆ ಕೊಲೆ ಕೇಸು ದೊಡ್ಡವರ ಕೋರ್ಟಿಗೂ ಹೋಗಬಹುದು. ಒಮ್ಮೆ ಹೋಯಿತೆಂದರೆ ಆ ಮಗುವಿನ ಬದುಕು ಅಲ್ಲಿಗೆ ಮುಗಿಯಿತು.

ಜಾಕಿನ ಮೇಲೆ ಕೈ ಇಟ್ಟವರು ಕಾರನ್ನು ಇಳಿಸುತ್ತಲೇ ಇರಬೇಕೇನು? ಎತ್ತಲೂ ಇಟ್ಟಿರಬಹುದಲ್ಲ. ಬುಧವಾರ ಬೆಳಿಗ್ಗೆ ಅದನ್ನೇ ಹೇಳಿದ್ದಕ್ಕೆ ಸಾಹೇಬರು, "ಆಶಾರಾಣಿ, ಹೆಂಗಸಾಗಿ ಯೋಚನೆ ಮಾಡಬೇಡಿ, ಇನ್‌ಸ್ಪೆಕ್ಟರ್ ಆಗಿ ಮಾಡಿ," ಅಂದಿದ್ದರು. ಆ ಮಾತನ್ನು ಇನ್ನೂ ನುಂಗಿಲ್ಲ.

ಆದರೆ ಅವರ ಕೈಯಲ್ಲಿ ಎರಡು ಸಾಕ್ಷಿಗಳಿದ್ದವು.

ಒಂದು ಫೋಟೋ. ಬೀರೇಶನನ್ನು ಕೆಲಸಕ್ಕಿಟ್ಟಿದ್ದು ಇಲಾಖೆಯಲ್ಲ, ಒಂದು ಏಜೆನ್ಸಿ. ಪಾಠ ಮಾಡುತ್ತಿರುವ ಫೋಟೋವನ್ನು ಅವನು ದಿನವೂ ಏಜೆನ್ಸಿಯ ಗ್ರೂಪಿಗೆ ಹಾಕಬೇಕು, ಅದರ ಮೇಲೆ ಊರು, ದಿನಾಂಕ, ಗಂಟೆ ಎಲ್ಲ ಇರಬೇಕು. ಮಂಗಳವಾರದ ಫೋಟೋದ ಮೇಲೆ ಎರಡೂ ಐವತ್ತೈದು ಎಂದಿತ್ತು. ಬೀರೇಶ್ ಗೇರ್‌ಬಾಕ್ಸ್ ಹಿಡಿದು ನಗುತ್ತಿದ್ದ, ಸುತ್ತ ರಂಜಿತ ಮತ್ತು ಉಳಿದ ಹನ್ನೆರಡು ಮಕ್ಕಳು.

ಇನ್ನೊಂದು ಆ ಹನ್ನೆರಡು ಮಕ್ಕಳ ಹೇಳಿಕೆ. ಮೂರೂ ಇಪ್ಪತ್ತರವರೆಗೆ ಪಾಠ ನಡೆಯಿತು ಅಂತ ಒಬ್ಬರೂ ಬಿಡದೆ ಹೇಳಿದ್ದರು. ಗಂಟೆ ಹೊಡೆದ ಮೇಲೆ ಸಾಮಾನು ಎತ್ತಿಡುವ ಸರದಿ ರಂಜಿತಳದು.

ಇದರಲ್ಲಿ ಒಂದು ಮುಳ್ಳಿತ್ತು. ತಲೆಗೆ ಏಟು ಬಿದ್ದು ಹತ್ತು ಹದಿನೈದು ನಿಮಿಷವಾದ ಮೇಲೆ ಎದೆಯ ಮೇಲೆ ಭಾರ ಬಿದ್ದಿದೆ ಎಂದು ಡಾಕ್ಟರು ಬರೆದಿದ್ದರು. ಮೂರೂ ಇಪ್ಪತ್ತರಿಂದ ಮೂರೂ ಇಪ್ಪತ್ತೈದಕ್ಕೆ ಹದಿನೈದು ನಿಮಿಷವನ್ನು ಎಲ್ಲಿ ತುರುಕಲಿ? "ಡಾಕ್ಟ್ರು ಅಂದಾಜಲ್ಲಿ ಹೇಳ್ತಾರೆ," ಅಂತ ಸಾಹೇಬರು ಆ ಸಾಲನ್ನೇ ಬಿಟ್ಟು ಮುಂದಕ್ಕೆ ಹೋಗಿದ್ದರು.

ಕುಂಬಳಕಾಯಿಯ ಸಿಪ್ಪೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಹತ್ತನೇ ತರಗತಿಯ ಕಡೆ ನಡೆದೆ.

* * *

ಪುಟ್ಟ ಶಾಲೆ. ಮೂರೂ ತರಗತಿ ಸೇರಿ ಅರವತ್ತೆಂಟು ಮಕ್ಕಳು. ಎಂಟು ಮುಗಿಸಿ ಒಂಬತ್ತಕ್ಕೆ ಬರುವಾಗ ಹಿಂದಿ ಇಲ್ಲವೇ ಆಟೊಮೊಬೈಲ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮನೆಯಲ್ಲಿ ಕೇಳಿ, ಫಾರಂ ತುಂಬಿ, ಅಪ್ಪನದೋ ಅಮ್ಮನದೋ ರುಜು ಹಾಕಿಸಿಕೊಂಡು ಬರಬೇಕು. ಹತ್ತನೇ ತರಗತಿಯಲ್ಲಿ ಆಟೊಮೊಬೈಲ್ ತೆಗೆದುಕೊಂಡವರು ಹದಿಮೂರು ಜನ. ಹದಿಮೂರನೆಯವಳು ರಂಜಿತ, ಅವರಲ್ಲಿ ಒಬ್ಬಳೇ ಹುಡುಗಿ.

ಉಳಿದ ಹನ್ನೆರಡು ಹುಡುಗರು ಎರಡು ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಬಾಗಿಲ ಬಳಿ ಮುಖ್ಯ ಶಿಕ್ಷಕಿ ಅನುಸೂಯಮ್ಮ ಸೆರಗು ಹೊದ್ದು ನಿಂತಿದ್ದರು. ಐವತ್ತೊಂಬತ್ತು ವರ್ಷ, ನಿವೃತ್ತಿಗೆ ಇನ್ನೊಂದೇ ವರ್ಷ, ಮೆಲುದನಿ, ಎರಡು ದಿನದಿಂದ ನಮಗೆಲ್ಲ ಅವರ ಡಬ್ಬಿಯದೇ ತಿಂಡಿ. ಒಳ್ಳೆಯ ಹೆಂಗಸು ಅಂತ ಗೋಪಾಲಪ್ಪ ಅವರಿಗೆ ಸರ್ಟಿಫಿಕೇಟ್ ಕೊಟ್ಟಾಗಿತ್ತು.

ನಾನು ಹೇಳಿಕೆಗಳ ಕಟ್ಟನ್ನು ಮೇಜಿನ ಮೇಲೆ ಬಿಚ್ಚಿ ಒಂದೊಂದನ್ನೇ ಓದಿದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಕತ್ತಿನ ಹಿಂದೆ ಏನೋ ಹರಿದ ಹಾಗಾಯಿತು.

"ತರಗತಿ ನಡೆಯಿತು. ಗೇರ್‌ಬಾಕ್ಸ್ ಹೇಳಿಕೊಟ್ಟರು. ಅರ್ಥವಾಯಿತು."

ಐದನೆಯದೂ ಅದೇ. ಹನ್ನೊಂದನೆಯದೂ ಅದೇ. ಅಕ್ಷರ ಆಚೀಚೆ ಇಲ್ಲ. ಈ ಊರಿನ ಯಾವ ಹುಡುಗ ತನ್ನ ಬಾಯಿಂದ 'ಅರ್ಥವಾಯಿತು' ಅಂತಾನೆ? ಇವರೆಲ್ಲ 'ಗೊತ್ತಾಯ್ತು ಮಿಸ್' ಅನ್ನುವ ಜನ. ನಮ್ಮ ಕಾನ್‌ಸ್ಟೇಬಲ್ ಭಾಷೆ ತಿದ್ದಿರಬೇಕು ಅಂದುಕೊಂಡಿದ್ದೆ. ನಮ್ಮ ಕಾನ್‌ಸ್ಟೇಬಲ್ ತನ್ನ ರಜೆ ಚೀಟಿಯನ್ನೇ ತಿದ್ದುವವನಲ್ಲ.

ಫೈಲನ್ನು ಕಂಕುಳಿಗೆ ಸಿಕ್ಕಿಸಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿದೆ. ಬೆನ್ನು ನೆಟ್ಟಗೆ ಮಾಡಿ, ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಬೆಂಚುಗಳ ನಡುವೆ ನಡೆದೆ.

"ಎಲ್ಲಾ ಎದ್ದು ನಿಲ್ಲಿ. ಆಟೊಮೊಬೈಲ್ ತರಗತಿ ದಿನಾ ನಡೀತಾ ಇದೆಯಾ?"

"ನಡೆಯಿತು ಮಿಸ್," ಹನ್ನೆರಡೂ ಗಂಟಲು ಒಂದೇ ಸಲ.

"ಸೋಮವಾರ?"

"ತರಗತಿ ನಡೆಯಿತು. ಗೇರ್‌ಬಾಕ್ಸ್ ಹೇಳಿಕೊಟ್ಟರು. ಅರ್ಥವಾಯಿತು."

"ನಿನ್ನೆ ಬುಧವಾರ?"

"ತರಗತಿ ನಡೆಯಿತು. ಗೇರ್‌ಬಾಕ್ಸ್ ಹೇಳಿಕೊಟ್ಟರು. ಅರ್ಥ..."

ಅಲ್ಲಿಗೆ ಸದ್ದು ಹರಿದುಹೋಯಿತು. ಬುಧವಾರ ಶಾಲೆಗೆ ಬೀಗ ಹಾಕಿತ್ತು. ಗೇರ್‌ಬಾಕ್ಸ್ ಹೇಳಿಕೊಡಬೇಕಾದವನು ಶವಾಗಾರದಲ್ಲಿದ್ದ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬೆಂಚಿನ ಒಬ್ಬ ಬಿಕ್ಕತೊಡಗಿದ.

"ಮಂಗಳವಾರ ಪಾಠ ಆಗ್ಲಿಲ್ಲ ಅಲ್ವಾ?" ಈ ಸಲ ನನ್ನ ದನಿಯಲ್ಲೇ ಕೇಳಿದೆ.

ಕೊನೆಯಲ್ಲಿದ್ದ ಉದ್ದನೆಯ ಹುಡುಗ ಬಾಯಿ ತೆರೆದ. ಅವನ ಹೆಸರು ಅಂಜನ್. "ಇಲ್ಲ ಮಿಸ್. ನಂಗೆ ಕೆಲ್ಸ ಇದೆ, ಗ್ರೌಂಡಲ್ಲಿ ಆಡ್ಕೊಳ್ರೋ ಅಂದ್ರು ಸಾರ್. ಎರಡೂಕಾಲಿಗೇ ಹೋದ್ವಿ. ಎಲ್ರೂ ಅಲ್ಲೇ ಇದ್ವಿ."

"ರಂಜಿತ?"

"ಅವಳೂ ಕೂತಿದ್ಲು ಮಿಸ್, ಹುಣಸೆಮರದ ಕೆಳಗೆ. ಬೆಲ್ ಹೊಡೆದ್ಮೇಲೆ ಸಾಮಾನು ಎತ್ತಿಡ್ಬೇಕು ಅಂತ ಓಡೋದ್ಲು."

"ಮತ್ತೆ ಯಾಕೋ ನಡೀತು ಅಂತ ಬರೆಸಿದ್ರಿ?"

"ಯಾರಾದ್ರೂ ಆಫೀಸರ್ ಬಂದು ಕೇಳಿದ್ರೆ ಹಂಗೇ ಹೇಳ್ಬೇಕು ಅಂತ ಹೇಳ್ಕೊಟ್ಟಿದ್ರು ಮಿಸ್. ಇಲ್ಲಾಂದ್ರೆ ಸಾರ್ ಕೆಲ್ಸ ಹೋಗುತ್ತೆ ಅಂತ." ಅವನು ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ. "ಪೊಲೀಸ್ನೋರೂ ಆಫೀಸರ್ರೇ ಅಲ್ವಾ?"

"ಫೋಟೋ?"

"ತಿಂಗಳಿಗೆ ಒಂದಿನ ಎಲ್ಲಾ ಒಟ್ಟಿಗೆ ತೆಗೀತಿದ್ರು. ಜಾಗ ಬದಲಾಯಿಸಿ, ಸ್ಪ್ಯಾನರ್ ಬದಲಾಯಿಸಿ. ಟೈಮು ಫೋನಲ್ಲೇ ಹಾಕ್ಕೊಳ್ಳೋರು."

ನನಗೆ ನಗು ಬಂತು, ಅಳುವೂ ಬಂತು. ನಾನು ಓದಿದ ಶಾಲೆಯಲ್ಲೂ ಡಿಡಿಪಿಐ ಬಂದಾಗ ಹೀಗೇ ಹಾಡುತ್ತಿದ್ದೆವು. ಸತ್ತ ಮೇಷ್ಟ್ರ ಕೆಲಸ ಉಳಿಸಲು ಹನ್ನೆರಡು ಮಕ್ಕಳು ಒಕ್ಕೊರಲಿನಿಂದ ಸುಳ್ಳು ಹೇಳಿ, ಗೆಳತಿಯ ಕುತ್ತಿಗೆಗೆ ಹಗ್ಗ ಹಾಕಿದ್ದರು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಅನುಸೂಯಮ್ಮ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. "ಹೇಳಿಕೊಟ್ಟಿದ್ದು ನಾನೇ ಮೇಡಂ. ತಪ್ಪಾಯ್ತು. ಬೀರೇಶ್ ಆಗಾಗ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗ್ತಿದ್ದ. ಪಾಪ, ಏಜೆನ್ಸಿ ಸಂಬಳ ಸರಿಯಾಗಿ ಬರಲ್ಲ ಅಂತ ಬಿಟ್ಟಿದ್ದೆ. ಅದು ಆ ಮಗೂಗೆ ಹೀಗೆ ಸುತ್ತಿಕೊಳ್ಳುತ್ತೆ ಅಂತ ಗೊತ್ತಿದ್ರೆ..."

"ಮಂಗಳವಾರ ಆ ಹೊತ್ತಲ್ಲಿ ಶಾಲೇಲಿ ಯಾರ್ಯಾರಿದ್ರಿ?"

"ಮೂವರು ಸಮೀಕ್ಷೆ ಡ್ಯೂಟಿಗೆ ಹೋಗಿದ್ರು. ನಾನು ಆಫೀಸಲ್ಲಿ ಮೊಬೈಲ್ ಮೀಟಿಂಗಲ್ಲಿದ್ದೆ, ಬಿಇಒ ಸಾಹೇಬ್ರದ್ದು. ಚಲಪತಿ ಸಾರ್ ಹಿಂದಿ ತರಬೇತಿಗೆ ದೊಡ್ಡಬಳ್ಳಾಪುರಕ್ಕೆ ಹೊರಟ್ರು." ಒಂದು ಗಳಿಗೆ ತಡೆದು, "ಎರಡೂ ನಲವತ್ತರ ಬಸ್ಸಿಗೆ," ಅಂದರು.

ಎರಡೂ ನಲವತ್ತು. ಬೀರೇಶ್ ಎರಡೂ ಐವತ್ತೈದಕ್ಕೆ ಪಾಠ ಮಾಡುತ್ತಿದ್ದ ಎಂದೇ ನಾವು ಹಿಂದಿ ಮೇಷ್ಟ್ರನ್ನು ಬಿಟ್ಟಿದ್ದೆವು. ಈಗ ಆ ಪಾಠವೇ ಇಲ್ಲ. ಗ್ರೂಪಿಗೆ ಫೋಟೋ ಬಂದದ್ದು ಮೂರೂ ಐದಕ್ಕೆ ನಿಜ. ಆದರೆ ಆ ಕೊಠಡಿಯ ಬಾಗಿಲು ದಾಟಿ ಒಳಗೆ ಹೋದರೆ ಸಿಗ್ನಲ್ ಇಲ್ಲ, ಮೇಷ್ಟ್ರು ಬಸ್ಸಿಗೆ ಮುಂಚೆ, ಅರ್ಧ ಗಂಟೆ ಮೊದಲೇ ಒತ್ತಿದ್ದರೂ ತಡವಾಗಿ ಹೋಗಿರಬಹುದು. ನಾನು ಹಾಗೆ ಲೆಕ್ಕ ಹಾಕಿದೆ. ಆ ಲೆಕ್ಕದ ಮೇಲೆ ನನಗೆ ಬಹಳ ಹೆಮ್ಮೆಯೂ ಆಯಿತು.

"ರಂಜಿತನ ಬಿಟ್ಟುಬಿಡ್ತೀರಾ ಮೇಡಂ?" ಅನುಸೂಯಮ್ಮ ಕೇಳಿದರು.

"ಇನ್ನೇನು, ಇಟ್ಕೊಳ್ತೀನಾ?"

"ಮಾರಕ್ಕ ಆಸ್ಪತ್ರೇಲಿ ಮಗಳು ಮಗಳು ಅಂತ ಕನವರಿಸ್ತಿದ್ದಾಳೆ. ನನ್ನ ಕಾರಿದೆ. ನಾನೇ ಕರ್ಕೊಂಡ್ ಹೋಗಿ ತೋರಿಸ್ಕೊಂಡು ಬರ್ತೀನಿ. ನಾನು ಮಾಡಿದ ತಪ್ಪಿಗೆ ಅಷ್ಟಾದ್ರೂ ಮಾಡ್ತೀನಿ."

ಮಾರಕ್ಕ ರಂಜಿತಳ ತಾಯಿ. ಮಂಗಳವಾರ ರಾತ್ರಿ ಬೀರೇಶನ ಕಡೆಯವರು ಎರಡು ಟೆಂಪೋದಲ್ಲಿ ಬಂದು ಆಕೆಯ ಮನೆಗೆ ನುಗ್ಗಿದ್ದರು. ಹಂಚು ಒಡೆದರು, ಹಸುವಿನ ಕಾಲು ಕಡಿದರು, ಅಡ್ಡ ಬಂದ ಆಕೆಯ ಎರಡೂ ಕೈಗಳನ್ನು ಒನಕೆಯಿಂದ ಮುರಿದರು. ಅಂದಿನಿಂದ ಹುಡುಗಿಯನ್ನು ನಮ್ಮ ಕಾನ್‌ಸ್ಟೇಬಲ್ ಮಮತಳ ಕ್ವಾರ್ಟರ್ಸಿನಲ್ಲಿ ಬಚ್ಚಿಟ್ಟಿದ್ದೆ. ಅವಳು ಅಲ್ಲಿರುವುದು ನಾಲ್ಕು ಜನಕ್ಕೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

ಐದನೆಯವರಿಗೆ ನಾನೇ ಹೇಳಿದೆ.

* * *

ಒಂದೂವರೆಗೆ ಮಮತ ಫೋನ್ ಮಾಡಿದಳು.

"ಹೆಡ್‌ಮಿಸ್ ಬಂದಿದ್ದಾರೆ ಮೇಡಂ. ಹುಡ್ಗಿ ಮಂಚದ ಕಾಲು ತಬ್ಕೊಂಡ್ಬಿಟ್ಟಿದ್ದಾಳೆ, ಬಿಡ್ತಿಲ್ಲ. ಅವರು ತಲೆ ಸವರೋಕೆ ಹೋದ್ರೆ ಉಚ್ಚೆ ಹೊಯ್ಕೊಂಡ್ಲು."

"ಮೂರು ದಿನದಿಂದ ಬೆದರಿರೋ ಮಗು ಕಣೇ. ಯಾರನ್ನ ಕಂಡ್ರೂ ಹಂಗೇ. ಅಮ್ಮನ್ನ ತೋರಿಸ್ತಾರೆ ಅಂತ ಹೇಳು, ಬಟ್ಟೆ ಬದಲಾಯಿಸಿ ಕಳಿಸು."

"ನಾನೂ ಜೊತೆಗೆ ಹೋಗ್ಲಾ ಮೇಡಂ?"

"ಎರಡು ಗಂಟೆಗೆ ನಿಂಗೆ ಸೆಂಟ್ರಿ ಡ್ಯೂಟಿ. ಠಾಣೇಲಿ ಯಾರಿದ್ದಾರೆ? ಹೇಳಿದಷ್ಟು ಮಾಡು."

"ಆಯ್ತು ಮೇಡಂ," ಅಂದಳು ಮಮತ.

ಚಲಪತಿ ಬಿಇಒ ಕಚೇರಿಗೆ ಹೋಗಿದ್ದವರು ಎರಡು ಗಂಟೆಗೆ ಶಾಲೆಗೆ ಬಂದರು. ಗೋಪಾಲಪ್ಪನವರನ್ನು ಮಕ್ಕಳ ಹೇಳಿಕೆ ಮತ್ತೆ ಬರೆಸಲು ಕೂರಿಸಿ, ಮೇಷ್ಟ್ರನ್ನು ಕಾರಿನ ಕೊಠಡಿಗೇ ಕರೆಸಿದೆ. ಒಬ್ಬಳೇ ಇದ್ದೆ. ನನಗೆ ಅವಸರವಿತ್ತು, ಕೋಪವೂ ಇತ್ತು.

ಐವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೆಲದ ಮೇಲಿದ್ದ ಕುಂಬಳಕಾಯಿಯ ಚೂರು ನೋಡಿ ಬಾಗಿಲಲ್ಲೇ ನಿಂತರು.

"ಬನ್ನಿ ಸಾರ್. ಎಷ್ಟು ವರ್ಷ ಆಯ್ತು ಈ ಶಾಲೆಗೆ ಬಂದು?"

"ಹದಿನಾಲ್ಕು."

"ಈ ವರ್ಷ ಒಂಬತ್ತಕ್ಕೆ ಬಂದ ಇಪ್ಪತ್ತಮೂರು ಮಕ್ಕಳಲ್ಲಿ ಹಿಂದಿ ತಗೊಂಡವರು?"

ಅವರು ಜೇಬಿನ ಪೆನ್ನು ಸರಿಮಾಡಿಕೊಂಡರು.

"ನಾಲ್ಕು ಜನ," ಅಂದೆ. "ಹಿಂದಿಗೆ ಮಕ್ಕಳಿಲ್ಲದಿದ್ರೆ ಹಿಂದಿ ಮೇಷ್ಟ್ರು ಹೆಚ್ಚುವರಿ ಅಂತ ಪಟ್ಟಿಗೆ ಹೋಗ್ತಾರೆ. ಕೌನ್ಸೆಲಿಂಗಲ್ಲಿ ಯಾವ ಮೂಲೆ ಸಿಕ್ಕಿದ್ರೂ ಗಂಟುಮೂಟೆ ಕಟ್ಬೇಕು. ಮಂಗಳವಾರ ಫಾರಂ ಕೊಡೋ ಕೊನೇ ದಿನ. ಬಸ್ಸಿಗೆ ಮುಂಚೆ ಇಲ್ಲಿಗೆ ಬಂದ್ರಿ, ಅಲ್ವಾ?"

"ಎರಡೂ ಐವತ್ತೈದಕ್ಕೆ ಅವನು ಪಾಠ ಮಾಡ್ತಿದ್ದ ಅಂತ ನೀವೇ ಪತ್ರಿಕೆಯೋರಿಗೆ ಹೇಳಿದ್ರಲ್ಲ."

"ಮಾಡ್ತಿರ್ಲಿಲ್ಲ. ಫೋಟೋ ಹಳೇದು. ಮಕ್ಕಳೆಲ್ಲ ಒಪ್ಪಿಕೊಂಡಾಯ್ತು."

ಮೇಷ್ಟ್ರ ಮುಖದಲ್ಲಿ ಬಣ್ಣ ಇಳಿದದ್ದು ಕಂಡೆ. ಕೈ ನೋಡಬೇಕಿತ್ತು, ನೋಡಲಿಲ್ಲ. ಅವರು ಬಗ್ಗಿ, ಜಾಕಿನ ಉದ್ದನೆಯ ಕಬ್ಬಿಣದ ಹಿಡಿಯನ್ನು ಒಂದೇ ಎಳೆತಕ್ಕೆ ಕಿತ್ತುಕೊಂಡರು.

ಮೊದಲ ಬೀಸು ತಲೆಗೆ ಬರುತ್ತಿತ್ತು. ಎಡಗೈ ಅಡ್ಡ ಕೊಟ್ಟೆ. ಮೊಣಕೈ ಕೆಳಗೆ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದೆ. ಎರಡನೆಯದು ಕಾರಿನ ಕಿಟಕಿಗೆ ಬಿತ್ತು, ಗಾಜು ಪುಡಿಯಾಗಿ ನನ್ನ ಕೆನ್ನೆಗೂ ಕತ್ತಿಗೂ ಚುಚ್ಚಿಕೊಂಡಿತು.

"ಎಲ್ಲಾರೂ ಸೇರಿ ನನ್ನನ್ನ ಓಡಿಸ್ತೀರೇನ್ರೀ?" ಅವರು ಮತ್ತೆ ಎತ್ತಿದರು.

ಆ ಎತ್ತಿದ ಕೈಯ ಅಡಿಗೆ ನುಗ್ಗಿದೆ. ಹೆಗಲು ಅವರ ಹೊಟ್ಟೆಗೆ ಹೊಕ್ಕಿತು. ಇಬ್ಬರೂ ಸಾಮಾನಿನ ಬೆಂಚಿನ ಮೇಲೆ ಬಿದ್ದೆವು, ಬೋಲ್ಟು ನಟ್ಟು ಎಲ್ಲ ನೆಲಕ್ಕೆ ಚೆಲ್ಲಿದವು. ಅವರು ನನ್ನ ಮುರಿದ ಕೈಯನ್ನೇ ಹಿಡಿದು ತಿರುಚಿದರು. ನೋವಿಗೆ ವಾಂತಿ ಬಂದಿತು. ಮೊಣಕಾಲೆತ್ತಿ ಎಲ್ಲಿ ಗುದ್ದಬೇಕೋ ಅಲ್ಲಿ ಗುದ್ದಿದೆ, ಕೂದಲು ಹಿಡಿದು ಮುಖವನ್ನು ಕಾರಿನ ಬಂಪರಿಗೆ ಜಜ್ಜಿದೆ. ಮೂಗು ಒಡೆಯಿತು. ಇನ್ನೊಂದು ಸಲ ಜಜ್ಜಿದೆ. ಎರಡನೆಯ ಸಲ ಬೇಕಿರಲಿಲ್ಲ, ಕಾನೂನು ಅದಕ್ಕೆ ಒಪ್ಪುವುದೂ ಇಲ್ಲ. ಮಾರಕ್ಕನ ಎರಡು ಕೈಗಳು ನೆನಪಾದವು, ಜಜ್ಜಿದೆ.

ಅವರು ಕುಂಬಳಕಾಯಿಯ ರಸದಲ್ಲಿ ಕುಸಿದು ಕೂತರು. ನಾನು ಬಲಗೈಯಲ್ಲಿ ಪಿಸ್ತೂಲು ತೆಗೆದು ಅವರ ಎದೆಗೆ ಒತ್ತಿದೆ.

"ಹೇಳು."

"ಹೊಡ್ದೆ," ಅಂದರು. ಬಾಯಿಂದ ರಕ್ತದ ಜೊತೆ ಒಂದು ಹಲ್ಲೂ ಬಂತು. "ಒಂದೇ ಏಟು. ಇನ್ನೊಂದು ನಾಲ್ಕು ಮಕ್ಕಳನ್ನಾದ್ರೂ ಬಿಟ್ಟುಕೊಡಪ್ಪಾ ಅಂತ ಬೇಡಿದೆ ಮೇಡಂ. ಕೈ ಮುಗಿದೆ. 'ಹಿಂದಿ ಕಲಿಯೋಕೆ ನಾರ್ತ್ ಹುಡುಗ್ರು ತುಂಬಿರೋ ಬಾಶೆಟ್ಟಿಹಳ್ಳಿ ಫ್ಯಾಕ್ಟರಿ ಬಸ್ ಹತ್ತಿದ್ರೆ ಸಾಕು ಸಾರ್, ಮೇಷ್ಟ್ರು ಯಾಕೆ' ಅಂತ ನಗ್ತಾ ಬೆನ್ನು ತಿರುಗಿಸ್ದ. ನಾನು ಪಾಠ ಮಾಡುವಾಗ ಬೇಕಂತ್ಲೇ ಎಂಜಿನ್ ಸ್ಟಾರ್ಟ್ ಮಾಡಿಸ್ತಿದ್ದ, ಎರಡು ವರ್ಷದಿಂದ. ಕೈಗೆ ಸಿಕ್ಕಿದ್ದು ಸ್ಪ್ಯಾನರ್."

"ಆಮೇಲೆ ಕಾರಿನ ಅಡಿಗೆ ಎಳೆದೆ."

"ಇಲ್ಲ."

"ಫೋನ್ ತಗೊಂಡು ಫೋಟೋ ಹಾಕಿದೆ."

"ಯಾವ ಫೋಟೋ? ಅವನ ಫೋನ್ ಲಾಕ್ ನಂಗೇನ್ ಗೊತ್ತು?" ಅವರು ನನ್ನ ಕಡೆ ನೋಡಿದ ರೀತಿಯಲ್ಲಿ ಕಪಟವಿರಲಿಲ್ಲ. ಹದಿನೆಂಟು ವರ್ಷದಿಂದ ಸುಳ್ಳು ಕೇಳುತ್ತಿರುವವಳು ನಾನು. "ನಾನು ಬಿಟ್ಟು ಹೋದಾಗ ಅವನು ಎದ್ದು ಕೂತಿದ್ದ ಮೇಡಂ. ತಲೆ ಹಿಡ್ಕೊಂಡು ಬೈತಿದ್ದ. 'ನಿನ್ನ ಒಬ್ಬನ್ನೇ ಅಲ್ಲ, ನಡೀದೇ ಇರೋ ಪಾಠಕ್ಕೆ ರುಜು ಹಾಕೋ ಈ ಶಾಲೆ ಬಣ್ಣಾನೇ ನಾಳೆ ಬಯಲು ಮಾಡ್ತೀನಿ' ಅಂತಿದ್ದ. ಅವನು ಸತ್ತ ಸುದ್ದಿ ಕೇಳಿ ನನ್ನ ಏಟಿಂದ್ಲೇ ಸತ್ತ ಅಂದ್ಕೊಂಡೆ. ಕಾರಿನ ವಿಷ್ಯ ಪೇಪರ್ ನೋಡಿ ಗೊತ್ತಾಗಿದ್ದು."

"ಸುಳ್ಳು. ಆ ಹೊತ್ತಲ್ಲಿ ಇಲ್ಲಿ ಬೇರೆ ಯಾರಿದ್ರು?"

"ಹೆಡ್‌ಮಿಸ್ ಬಾಗಿಲಲ್ಲೇ ನಿಂತಿದ್ರಲ್ಲ."

ನಾನು ಪಿಸ್ತೂಲು ಹಿಡಿದುಕೊಂಡೇ ಇದ್ದೆ. ಅದರ ತೂಕ ತಿಳಿಯಲಿಲ್ಲ.

"ಏನಂದೆ?"

"ಮೀಟಿಂಗ್ ನಡೀತಿತ್ತು, ಫೋನು ಕೈಯಲ್ಲೇ ಇತ್ತು, ಯಾರೋ ಮಾತಾಡೋದು ಕೇಳಿಸ್ತಿತ್ತು. ಅವನು ಅಂದಿದ್ದೆಲ್ಲ ಕೇಳಿಸ್ಕೊಂಡ್ರು. ನಾನು ನಡುಗ್ತಿದ್ದೆ. ನನ್ನ ಬ್ಯಾಗು ತಂದು ಕೈಗೆ ಕೊಟ್ರು. 'ಬಸ್ಸು ತಪ್ಪುತ್ತೆ, ಹೊರಡಿ ಸಾರ್. ಇದನ್ನ ನಾನು ನೋಡ್ಕೋತೀನಿ' ಅಂದ್ರು."

* * *

ಗೋಪಾಲಪ್ಪ ಓಡಿ ಬಂದಾಗ ನಾನು ಆಗಲೇ ಬಾಗಿಲಲ್ಲಿ ನಿಂತು ಫೋನಿನಲ್ಲಿದ್ದೆ. ಎಡಗೈ ಹೆಗಲಿನಿಂದ ಜೋತಾಡುತ್ತಿತ್ತು.

"ಮಮತ, ಅವರು ಹೊರಟು ಎಷ್ಟೊತ್ತಾಯ್ತು?"

"ಮುಕ್ಕಾಲು ಗಂಟೆ ಆಯ್ತು ಮೇಡಂ. ಆಸ್ಪತ್ರೆ ಹತ್ತು ನಿಮಿಷದ ದಾರಿ. ಯಾಕೆ?"

ಮಂಚದ ಕಾಲು ತಬ್ಬಿಕೊಂಡ ಆ ಮಗು ಮಂಗಳವಾರ ಹುಣಸೆಮರದ ಕೆಳಗಿಂದ ಯಾರನ್ನು ನೋಡಿತ್ತೆಂದು ನನಗೆ ಈಗ ಹೊಳೆಯಿತು. ಅನುಸೂಯಮ್ಮನ ನಂಬರಿಗೆ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಕಂಟ್ರೋಲ್ ರೂಮಿಗೆ ಕಾರಿನ ನಂಬರ್ ಕೊಟ್ಟು ನಾಲ್ಕೂ ದಿಕ್ಕಿನಲ್ಲಿ ತಡೆಯಲು ಕೂಗಿದೆ. ಗೋಪಾಲಪ್ಪ ಚಲಪತಿಗೆ ಕೋಳ ಹಾಕಿ, ಏನೂ ಕೇಳದೆ ನನ್ನ ಕೈಗೆ ತಮ್ಮ ಟವೆಲನ್ನು ಜೋಲಿ ಕಟ್ಟಿದರು. ಅವರಿಗೆ ಎಲ್ಲ ಗೊತ್ತಾಗಿತ್ತು.

ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿದೆ. ನರ್ಸ್ ಮಾರಕ್ಕನ ಕಿವಿಗೆ ಇಟ್ಟಳು. ಆಕೆಗೆ ಹಿಡಿಯಲು ಕೈಗಳಿರಲಿಲ್ಲ.

"ಮೇಡಮ್ಮೋರೇ, ಬತ್ತಾವ್ಳೆ ಅಂತ ಮಮತಮ್ಮ ಏಳಿದ್ರು," ಅಂದಳು ಮಾರಕ್ಕ. ದನಿಯಲ್ಲಿ ಮೂರು ದಿನದಲ್ಲಿ ಮೊದಲ ಸಲ ಒಂದಿಷ್ಟು ಸುಖವಿತ್ತು. "ನರ್ಸಮ್ಮನ ಕೈಲಿ ತಲೆ ಬಾಚಿಸ್ಕೊಂಡು ಕುಂತಿವ್ನಿ. ಎಲ್ಲವ್ಳೆ ನನ್ ಮಗ್ಳು? ಯಾರ್ ಜತೇಲಿ ಕಳ್ಸಿದ್ರಿ?"

"ಬರ್ತಾಳೆ ಮಾರಕ್ಕ," ಅಂದೆ. ಜೀವಮಾನದಲ್ಲಿ ಅಷ್ಟು ಕೆಟ್ಟ ಸುಳ್ಳನ್ನು ನಾನು ಹೇಳಿರಲಿಲ್ಲ.

ಜೀಪು ಹೆದ್ದಾರಿಗೆ ತಿರುಗುವಷ್ಟರಲ್ಲಿ ವೈರ್‌ಲೆಸ್ ಕೂಗಿತು. ಮಾಕಳಿದುರ್ಗದ ರೈಲ್ವೆ ಗೇಟಿನಲ್ಲಿದ್ದ 112 ಗಾಡಿಯ ಕಾನ್‌ಸ್ಟೇಬಲ್.

"ಗಾಡಿ ಸಿಕ್ತು ಮೇಡಂ. ಬೆಟ್ಟದ ಕೆರೆ ಕಡೆಯಿಂದ ವಾಪಸ್ ಬರ್ತಿತ್ತು, ಗೇಟ್ ಹಾಕಿತ್ತು, ತಡೆದು ನಿಲ್ಲಿಸಿದ್ವಿ. ಹೆಡ್‌ಮಿಸ್ಸೇ ಓಡಿಸ್ತಿದ್ದಾರೆ."

"ಹುಡುಗಿ ಹೆಂಗಿದ್ದಾಳೆ?"

"ಗಾಡೀಲಿ ಹುಡ್ಗಿ ಇಲ್ಲ ಮೇಡಂ. ಇವರೊಬ್ರೇ ಇದ್ದಾರೆ. ಸೀರೆ ಮೊಣಕಾಲವರೆಗೂ ಒದ್ದೆ."